ಚೀನಾದ ಹಬ್ಬದ ಲೆಕ್ಕ ಇಟ್ಟುಕೊಂಡಿರುವ ಕಾರವಾರದ ರಿಪೇರಿ ಅಂಗಡಿ

ಕಾರವಾರದ ಗ್ರೀನ್ ಸ್ಟ್ರೀಟಿನಿಂದ ಒಳಕ್ಕೆ ಹೊರಳುವ ಗಲ್ಲಿಯೊಂದರಲ್ಲಿ ಈ ಮೊಬೈಲ್ ರಿಪೇರಿ ಅಂಗಡಿಯಿದೆ. ಬೋರ್ಡು ಮಾಸಿದೆ, ಕೂರಲು ಒಂದು ಸ್ಟೂಲೂ ಇಲ್ಲ, ಫೋನ್ ಮಾಡಿದರೆ ಎತ್ತುವುದು ಅಪರೂಪ. ಆದರೂ ನಮ್ಮ ಮೀನುಗಾರಿಕೆ ಬಂದರು ಬೈತಖೋಲದಲ್ಲಿ ಯಾರು ಕೇಳಿದರೂ ನಾನು ಇಲ್ಲಿಗೇ ಕಳಿಸುತ್ತೇನೆ. ಕೆಲಸ ಯಾವಾಗ ಮುಗಿಯುತ್ತದೆ ಎಂಬುದನ್ನು ಇಲ್ಲಿ ಇದ್ದದ್ದು ಇದ್ದಂತೆ ಹೇಳುತ್ತಾರೆ.

2026ರ ಫೆಬ್ರವರಿಯಲ್ಲಿ ಮಗಳ ಟ್ಯಾಬ್ಲೆಟ್ಟಿನ ಪರದೆ ಒಡೆಯಿತು. ಮೊದಲು ವಿಚಾರಿಸಿದ ಇನ್ನೊಂದು ಕಡೆ "ನಾಲ್ಕೇ ದಿನ" ಎಂದು ಮುಂಗಡಕ್ಕೆ ಕೈಚಾಚಿದರು. ಇಲ್ಲಿಯ ಹುಡುಗ ಮಾಡೆಲ್ ನಂಬರ್ ನೋಡಿದವನೇ, "ಕಾಕಾ, ಮಾರ್ಚ್ ಮಧ್ಯದ ತನಕ ಕೇಳಲೇಬೇಡಿ. ಪರದೆ ಬರುವುದು ಚೀನಾದಿಂದ, ಅಲ್ಲಿಯವರು ಹೊಸ ವರ್ಷದ ಹಬ್ಬಕ್ಕೆ ಊರಿಗೆ ಹೋಗಿದ್ದಾರೆ" ಎಂದ. ಕೌಂಟರಿನ ಗಾಜಿನಡಿ ಒಂದು ಕ್ಯಾಲೆಂಡರ್ ಹಾಳೆ. ಫೆಬ್ರವರಿ 15ರಿಂದ 23ರವರೆಗೆ ಕೆಂಪು ಶಾಯಿಯ ಗೆರೆ, ಅದರ ಆಚೀಚೆ ಪೆನ್ಸಿಲ್ಲಿನ ಗೀರು. ಕೆಂಪು ಗೆರೆ ಚೀನಾ ಸರ್ಕಾರದ ರಜೆ. ಪೆನ್ಸಿಲ್ಲಿನದು ಕಾರ್ಖಾನೆಗಳು ನಿಜವಾಗಿ ಮುಚ್ಚಿರುವ ಕಾಲ.

ಪೆನ್ಸಿಲ್ಲಿನ ಗೀರು ನನಗೆ ಬಿಡಿಸಿ ಹೇಳಬೇಕಾಗಲಿಲ್ಲ. ನಮ್ಮಲ್ಲಿ ಮಳೆಗಾಲದ ಟ್ರಾಲಿಂಗ್ (ಬೋಟಿನಿಂದ ಬಲೆ ಎಳೆದು ಮೀನು ಹಿಡಿಯುವ) ನಿಷೇಧ ಜುಲೈ 31ಕ್ಕೆ ಮುಗಿದರೂ ಒಡಿಶಾ, ಜಾರ್ಖಂಡಿನ ಕಲಾಸಿಗಳು, ಅಂದರೆ ಬೋಟಿನ ಕೆಲಸಗಾರರು, ಬಂದು ಸೇರದೆ ಬೋಟು ಹೊರಡುವುದಿಲ್ಲ. ಶೆನ್‌ಝೆನ್, ಡಾಂಗ್‌ಗುವಾನ್ ಎಂಬ ಚೀನಾದ ನಗರಗಳ ಕಾರ್ಖಾನೆಗಳದ್ದೂ ಅದೇ ಕಥೆ. ದೂರದ ಹುನಾನ್, ಸಿಚುವಾನ್ ಪ್ರಾಂತ್ಯಗಳ ಕಡೆಯ ಕೆಲಸಗಾರರು ಹೊಸ ವರ್ಷಕ್ಕೆ ಬೇಗನೆ ಹೊರಟುಬಿಡುತ್ತಾರೆ, ಹದಿನೈದನೆಯ ದಿನದ ದೀಪದ ಹಬ್ಬ ಮುಗಿಸಿ ಬರುವವರೂ ಇದ್ದಾರೆ, ಕೆಲವರು ಬರುವುದೇ ಇಲ್ಲ. ವಿಯೆಟ್ನಾಮಿನಿಂದ ತರಿಸಬಾರದೇ ಎಂದೆ. ಅಲ್ಲಿಯೂ ಅದೇ ದಿನ ಟೆಟ್ ಎಂಬ ಹೊಸ ವರ್ಷದ ಹಬ್ಬವಂತೆ!

ಪರದೆಯಂಥ ಹಗುರ ಸಾಮಾನು ವಿಮಾನದಲ್ಲಿ ಮುಂಬೈಗೆ ಬಂದು ಲ್ಯಾಮಿಂಗ್ಟನ್ ರಸ್ತೆಯ ಸಗಟು ವ್ಯಾಪಾರಿಗಳಿಂದ ಇವನಿಗೆ ತಲುಪುತ್ತದೆ. ಚಾರ್ಜರು, ಸ್ಪೀಕರುಗಳಿಗೆ ಹಡಗು. ರಜೆಗೆ ಮೊದಲು ಎಲ್ಲರೂ ಒಮ್ಮೆಗೇ ಸರಕು ತುಂಬಿಸುವುದರಿಂದ ಬಾಡಿಗೆ ಏರುತ್ತದೆ. ರಜೆಯಲ್ಲಿ ಸರಕಿಲ್ಲವೆಂದು ಹಡಗು ಕಂಪನಿಗಳು ಕೆಲವು ಯಾನಗಳನ್ನೇ ರದ್ದು ಮಾಡುತ್ತವೆ. ಮನೆಯ ಮುಂದೆಯೇ ಬಂದರು ಇಟ್ಟುಕೊಂಡು ನಾವು ಮುಂಬೈ ಬಳಿಯ ನವಶೇವಾ ಬಂದರಿನ ದಾರಿ ಕಾಯಬೇಕು, ಇರಲಿ.

ಹೆಚ್ಚು ಓಡುವ ಫೋನುಗಳ ಪರದೆಯನ್ನು ಇವನು ಡಿಸೆಂಬರಿನಲ್ಲೇ ತರಿಸಿಡುತ್ತಾನೆ. ನಮ್ಮ ಟ್ಯಾಬ್ಲೆಟ್ ಆ ಪಟ್ಟಿಯಲ್ಲಿರಲಿಲ್ಲ. ಅಗ್ಗದ ನಕಲಿ ಪರದೆ ಕೈಯಲ್ಲಿದ್ದರೂ, ಸ್ಪರ್ಶ ಸರಿ ಬರುವುದಿಲ್ಲವೆಂದು ಹಾಕಿಕೊಡಲು ಒಪ್ಪಲಿಲ್ಲ. ಮುಂಗಡವನ್ನೂ ಮುಟ್ಟಲಿಲ್ಲ. ಮಾರ್ಚಿನಲ್ಲಿ ಸಾಮಾನು ಬಂದಾಗ ಅಂಟಿಸುವ ಮೊದಲು ಪರದೆಯ ರಿಬ್ಬನ್ ಕೇಬಲ್ ಮಾತ್ರ ಸಿಕ್ಕಿಸಿ, ಪರದೆ ಪೂರ್ತಿ ಬೆಳ್ಳಗೆ ಮಾಡಿ, ನಾಲ್ಕೂ ಅಂಚಿನಲ್ಲಿ ಬೆರಳು ಎಳೆದು ನನಗೂ ತೋರಿಸಿದ. ಮೇಲಿನ ಮೂಲೆಯಲ್ಲಿ ಸಾಸಿವೆ ಗಾತ್ರದ ಕಪ್ಪು ಚುಕ್ಕೆ ಕಂಡಿತು. ಅದನ್ನು ತೆಗೆದಿಟ್ಟು ಇನ್ನೊಂದನ್ನು ಹಾಕಿದ. ರಜೆ ಮುಗಿದ ಮೇಲಿನ ಮೊದಲ ಸರಕನ್ನು ಹೀಗೆ ಎರಡೆರಡು ಸಲ ನೋಡುತ್ತಾನಂತೆ; ಹೊಸ ಕೈಗಳ ಕೆಲಸ ಎಂಬ ಅನುಮಾನ ಅವನಿಗೆ.

ದರ ಸ್ವಲ್ಪ ಬಿಗಿ. ಬಿಲ್ಲನ್ನು ಕೇಳಿ ಪಡೆಯಬೇಕು, ಮೂರು ತಿಂಗಳ ವಾರಂಟಿಯನ್ನು ಅದರ ಮೇಲೆಯೇ ಬರೆಸಿಕೊಳ್ಳಿ. ದೀಪಾವಳಿಗೆ ಏನಾದರೂ ತರಿಸುವುದಿದ್ದರೆ ಸೆಪ್ಟೆಂಬರ್ ಮೊದಲ ವಾರದೊಳಗೆ ಹೇಳಿ. ಅಕ್ಟೋಬರ್ 1ರಿಂದ ಚೀನಾದಲ್ಲಿ ರಾಷ್ಟ್ರೀಯ ದಿನದ ವಾರದ ರಜೆ, ಅದೂ ಆ ಹಾಳೆಯಲ್ಲಿ ಕೆಂಪಾಗಿಯೇ ಇದೆ. ಗಲ್ಲಿಯೊಳಗೆ ಕಾರು ಹೋಗುವುದಿಲ್ಲ.