ಹಂಚಿನ ಕೆಳಗೆ ಏನು ಹಾಕಿಸಬೇಕು? ಒಂದೇ ಮನೆ, ನಾಲ್ಕು ಬಗೆ

ನಮ್ಮದು ಕುಮಟೆಯಲ್ಲಿ ಅಪ್ಪ ಕಟ್ಟಿಸಿದ ಹಂಚಿನ ಮನೆ. ಮೇಲೆ ಮಂಗಳೂರು ಹಂಚು, ಅದರ ಕೆಳಗೆ ರೀಪು (ಹಂಚು ಕೂರುವ ಅಡ್ಡಪಟ್ಟಿ), ಪಕಾಸು (ರೀಪನ್ನು ಹೊರುವ ಇಳಿಜಾರು ಮರ). ಆಮೇಲೆ ನೇರ ನಮ್ಮ ತಲೆ. ಹಿಂದಿನ ಅಡುಗೆಮನೆಗೆ ಮಾತ್ರ ಆಮೇಲೆ ಸ್ಲ್ಯಾಬ್ ಹಾಕಿಸಿದ್ದು. ಏಪ್ರಿಲ್ ಬಂತು ಅಂದರೆ ಮಧ್ಯಾಹ್ನ ಊಟ ಮಾಡಿ ಅಡ್ಡಾಗುವ ಮಾತೇ ಇಲ್ಲ. ಫ್ಯಾನು ತಿರುಗುತ್ತದೆ, ಆದರೆ ಹಂಚಿನ ಬುಡದಲ್ಲಿ ಕಾದು ನಿಂತ ಗಾಳಿಯನ್ನೇ ತಂದು ಮುಖಕ್ಕೆ ಹೊಡೆಯುತ್ತದೆ. ಕರಾವಳಿಯ ಸೆಕೆ ಗೊತ್ತಲ್ವಾ, ಬೆವರು ಆರುವುದೇ ಇಲ್ಲ.

ಒಂದೇ ಮನೆಗೆ ನಾಲ್ಕು ಬಗೆ ಯಾಕೆ ಅಂದರೆ, ಪ್ರಯೋಗ ಮಾಡುವ ಹುಚ್ಚೇನೂ ಇರಲಿಲ್ಲ. ಕೈಯಲ್ಲಿ ದುಡ್ಡು ಬಂದ ಹಾಗೆ ಒಂದೊಂದು ಕೋಣೆ ಮಾಡಿಸಿದೆ. ಪ್ರತಿ ಸಲ ಯಾರೋ ಒಬ್ಬರು 'ಅದು ಬೇಡ, ಇದು ಹಾಕ್ಸಿ' ಅಂದರು, ನಾನು ಕೇಳಿದೆ. ನಡುಮನೆಗೆ ಅಲ್ಯೂಮಿನಿಯಂ ಫಾಯಿಲ್ ಶೀಟು, ಮಲಗುವ ಕೋಣೆಗೆ ಜಿಪ್ಸಮ್ ಸೀಲಿಂಗ್ ಮಾಡಿ ಅದರ ಮೇಲೆ ಗ್ಲಾಸ್ ವೂಲ್ (ಗಾಜಿನ ಎಳೆಯ ಅರಳೆಯಂಥ ಹಾಸು), ಮಗನ ಓದುವ ಕೋಣೆಗೆ ಎರಡು ಇಂಚಿನ ಥರ್ಮಾಕೋಲ್, ಅಡುಗೆಮನೆ ಸ್ಲ್ಯಾಬಿನ ಮೇಲೆ ಬಿಸಿಲನ್ನು ವಾಪಸ್ ಎಸೆಯುವ ಬಿಳಿ ಕೂಲ್ ರೂಫ್ ಪೇಂಟು. ಜಗಲಿ ಹಾಗೇ ಬಿಟ್ಟೆ. ಈಗ ಎಲ್ಲವೂ ಎರಡು ಬೇಸಿಗೆ, ಎರಡು ಮಳೆಗಾಲ ಕಂಡಿವೆ.

ಮೊದಲು ಬೇಸಿಗೆಯ ಲೆಕ್ಕ. ದೂರದಿಂದ ಗುರಿ ಹಿಡಿದು ಬಿಸಿ ನೋಡುವ ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದು ತಂದಿದ್ದೆ. ಏಪ್ರಿಲ್‌ನ ಒಂದು ಮಧ್ಯಾಹ್ನ ಮೂರು ಗಂಟೆಗೆ ಜಗಲಿಯ ಹಂಚಿನ ಅಡಿಭಾಗ 51 ಡಿಗ್ರಿ ತೋರಿಸಿತು. ಥರ್ಮಾಕೋಲಿನ ಅಡಿ 36, ಜಿಪ್ಸಮ್ 34. ಫಾಯಿಲ್‌ಗೆ ಹಿಡಿದರೆ 31! ಹೊರಗಿನ ನೆರಳಿಗಿಂತ ಕಡಿಮೆ. ಒಂದು ದಿನ ಪೂರ್ತಿ ಎಲ್ಲರಿಗೂ ಹೇಳಿಕೊಂಡು ಓಡಾಡಿದೆ. ಆಮೇಲೆ ಗೊತ್ತಾಯಿತು, ಹೊಳೆಯುವ ಮೈಗೆ ಈ ಯಂತ್ರ ಹಿಡಿದರೆ ಅದು ಫಾಯಿಲ್‌ನ ಬಿಸಿ ತೋರಿಸುವುದಿಲ್ಲ, ಕನ್ನಡಿಯ ಹಾಗೆ ಕೆಳಗಿನ ನೆಲದ್ದನ್ನೇ ತೋರಿಸುತ್ತದೆ. ಕಪ್ಪು ಇನ್ಸುಲೇಶನ್ ಟೇಪಿನ ತುಂಡು ಅಂಟಿಸಿ ಅದಕ್ಕೆ ಗುರಿ ಹಿಡಿದೆ. 38. ಯಾರಾದರೂ ಅಂಗಡಿಯಲ್ಲಿ ಫಾಯಿಲ್‌ಗೆ ನೇರ ಹಿಡಿದು 'ನೋಡಿ ಸಾರ್' ಅಂದರೆ ನಂಬಬೇಡಿ.

ಹಾಗಾದರೆ ಫಾಯಿಲ್ ಸೋತಿತಾ? ಇಲ್ಲ. ಅಂಕಿಯಲ್ಲಿ ಹಿಂದೆ, ಮೈಗೆ ಹಿತ. ಬಿಸಿಗಾಳಿ ಮೇಲಕ್ಕೇ ಹೋಗುವುದು, ಕೆಳಗಿಳಿಯುವುದಿಲ್ಲ. ಕಾದ ಹಂಚು ನಮ್ಮನ್ನು ಸುಡುವುದು ಹೆಚ್ಚಾಗಿ ಒಲೆಯ ಮುಂದೆ ಕೂತಾಗ ಮುಖಕ್ಕೆ ತಾಗುತ್ತದಲ್ಲ, ಆ ಥರ. ಹೊಳೆಯುವ ಅಲ್ಯೂಮಿನಿಯಂ ತಾನು ಕಾದರೂ ಆ ಝಳವನ್ನು ಹೊರಗೆ ಬಿಡುವುದು ನೂರಕ್ಕೆ ಐದರಷ್ಟು ಮಾತ್ರ. ಅದಕ್ಕೇ 38 ಇದ್ದರೂ ನಡುಮನೆಯಲ್ಲಿ ನೆತ್ತಿ ಕಾಯುವುದಿಲ್ಲ.

ಆದರೆ ಹಾಕುವುದರಲ್ಲಿ ಎಲ್ಲ ಇದೆ. ಹೊಳೆಯುವ ಮುಖದ ಎದುರು ಖಾಲಿ ಜಾಗ ಇರಲೇಬೇಕು, ಶೀಟು ಹಂಚಿಗೆ ತಾಗಲೂಬಾರದು. ಒಂದು ಮೂಲೆಯಲ್ಲಿ ಶೀಟು ಹಂಚಿಗೇ ತಾಗಿಕೊಂಡಿತ್ತು, ಅಲ್ಲಿ ಟೇಪು ಅಂಟಿಸಿ ನೋಡಿದರೆ 45ರ ಮೇಲೆ. ಈಗ ಪಕಾಸಿನ ಅಡಿಗೆ ಬಡಿದಿದ್ದೇವೆ, ಹಂಚಿಗೂ ಶೀಟಿಗೂ ನಾಲ್ಕು ಇಂಚು ಗ್ಯಾಪು. ಹೊಳಪು ಕೆಳಮುಖ, ಯಾಕೆಂದರೆ ಮೇಲ್ಮುಖ ಇಟ್ಟರೆ ಧೂಳು ಕೂತು ಒಂದೆರಡು ವರ್ಷದಲ್ಲಿ ಅದೂ ಬರೀ ಪ್ಲಾಸ್ಟಿಕ್ ಹಾಳೆ ಆಗಿಹೋಗುತ್ತದೆ. ಮಾಡಿನ ನೆತ್ತಿಯಲ್ಲಿ ಮೂರು ಇಂಚು ತೆರೆದೇ ಬಿಟ್ಟಿದ್ದೇವೆ, ಕಾದ ಗಾಳಿ ಹಂಚಿನ ಸಂದಿಯಿಂದ ಹೊರಗೆ ಹೋಗಲಿ ಅಂತ. ಒಂದು ಬೇಜಾರು, ಗಾಜಿನ ಹಂಚಿನ ಬೆಳಕು ನಿಂತುಹೋಯಿತು. ಆಯಿಗೆ ಹೂವು ಕಟ್ಟಲು ಕಾಣುವುದಿಲ್ಲ ಅಂತ ಅಷ್ಟು ಚೌಕ ಕತ್ತರಿಸಿ ತೆಗೆಯಬೇಕಾಯಿತು.

ಇನ್ನು ಮಳೆಗಾಲ. ನಮ್ಮ ಕಡೆ ಮೂರು ಸಾವಿರ ಮಿಲಿಮೀಟರ್ ಮೇಲೆ ಮಳೆ ಬೀಳುವುದು. ಏನೇ ಹಾಕಿಸಿ, ಪರೀಕ್ಷೆ ಇರುವುದು ಜುಲೈಯಲ್ಲೇ.

ಬಿಳಿ ಪೇಂಟಿನ ಕಥೆ ಬೇಗ ಮುಗಿಯುತ್ತದೆ. ಮೊದಲ ಬೇಸಿಗೆ ಅದ್ಭುತ. ಸ್ಲ್ಯಾಬಿನ ಅಡಿ ಸಂಜೆ ಐದಕ್ಕೆ ಹಿಂದೆ 41 ಇದ್ದದ್ದು 34ಕ್ಕೆ ಇಳಿದಿತ್ತು. ರಾತ್ರಿ ಒಂಬತ್ತಕ್ಕೂ ಅಡುಗೆಮನೆ ಕಾವಲಿಯ ಹಾಗೆ ಇರುತ್ತಿತ್ತು, ಅದು ತಪ್ಪಿತು. ಮಳೆಗಾಲ ಕಳೆದು ಮೇಲೆ ಹತ್ತಿದರೆ ಬಿಳಿ ಎಲ್ಲಿದೆ? ಪೂರ್ತಿ ಹಾವಸೆ, ಕಪ್ಪಗೆ. ದೀಪಾವಳಿ ಹೊತ್ತಿಗೆ ಬ್ರಶ್ ಹಾಕಿ ತಿಕ್ಕಿ ತೊಳೆದರೆ ಅರ್ಧಕ್ಕಿಂತ ಜಾಸ್ತಿ ಬಿಳುಪು ವಾಪಸ್ ಬರುತ್ತದೆ. ವರ್ಷಕ್ಕೊಮ್ಮೆ ತಿಕ್ಕಲು ಸೋಮಾರಿತನ ಇಲ್ಲದವರಿಗೆ ಸ್ಲ್ಯಾಬಿಗೆ ಇದೇ ಸಾಕು. ಹಂಚಿಗೆ ಬೇಡ, ಹಂಚು ಕೈಯಾಡಿಸುವಾಗ (ತೆಗೆದು ಮತ್ತೆ ಹೊದಿಸುವಾಗ) ಸಾಲು ಅದಲುಬದಲಾಗಿ ಮಾಡು ಚಿತ್ತಾರ ಆಗುತ್ತದೆ.

ಥರ್ಮಾಕೋಲಿಗೆ ನೀರು ಏನೂ ಮಾಡಲಿಲ್ಲ. ಇಲಿ ಮಾಡಿತು. ಆಗಸ್ಟಿನ ಒಂದು ಬೆಳಿಗ್ಗೆ ಮಗನ ಗಣಿತದ ಪುಸ್ತಕದ ಮೇಲೆ ಬಿಳಿ ಕಾಳು ಉದುರಿದ್ದವು, ಸಾಬೂದಾನದ ಹಾಗೆ. ಒಂದು ಹಾಳೆ ಕಿತ್ತು ನೋಡಿದರೆ ಒಳಗೆ ಸುರಂಗ, ಪಕ್ಕದಲ್ಲಿ ಇರುವೆ ಗೂಡು. ಅದಕ್ಕಿಂತ ದೊಡ್ಡ ಹೆದರಿಕೆ ಬೆಂಕಿಯದು. ಹಳೇ ವೈರಿಂಗು ಪಕಾಸಿನ ಗುಂಟ ಹೋಗಿದೆ, ಥರ್ಮಾಕೋಲಿಗೆ ಒಂದು ಕಿಡಿ ಸಾಕು, ಕರಗಿ ಉರಿಯುತ್ತ ತಲೆ ಮೇಲೇ ತೊಟ್ಟಿಕ್ಕುತ್ತದೆ. ಕಡಿಮೆ ದುಡ್ಡಿಗೆ ಜಾಸ್ತಿ ತಂಪು ಕೊಡುವುದು ಇದೇ, ಆದರೂ ಮಕ್ಕಳು ಮಲಗುವ ಕೋಣೆಗೆ ಇನ್ನೊಮ್ಮೆ ಹಾಕಿಸುವುದಿಲ್ಲ.

ಇನ್ನು ಎಲ್ಲಕ್ಕಿಂತ ಜಾಸ್ತಿ ಖರ್ಚಿನ ಗ್ಲಾಸ್ ವೂಲ್. ಸೀಲಿಂಗ್ ಸೇರಿ ಚದರಡಿಗೆ 115 ರೂಪಾಯಿ ಬಿತ್ತು, ಫಾಯಿಲ್ ಕೂಲಿ ಸೇರಿ 34. ಮಲಗುವ ಕೋಣೆಗೆ ಏಸಿ ಇದೆ. ಹಂಚಿನ ಸಂದಿಯಿಂದ ತಂಪೆಲ್ಲ ಆಕಾಶಕ್ಕೆ ಹೋಗದೇ ಇರಬೇಕಾದರೆ ಸೀಲಿಂಗ್ ಬೇಕೇ ಬೇಕು. ಅದರಲ್ಲಿ ಎರಡು ಮಾತಿಲ್ಲ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಆ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು, ಸೀಲಿಂಗ್ ಇಲ್ಲದ ವರ್ಷ ಏಪ್ರಿಲ್, ಮೇ ಎರಡೂ ತಿಂಗಳು ಕಟ್ಟಿದ್ದೆ. ಸೀಲಿಂಗ್ ಆದ ಮೇಲೆ ಮೇ ಮಾತ್ರ.

ಆದರೆ ಆ ಮೇ ತಿಂಗಳಲ್ಲೇ, ಒಂದು ಹನಿ ಮಳೆ ಬೀಳುವ ಮೊದಲೇ, ಏಸಿ ಎದುರಿನ ಸೀಲಿಂಗಿನಲ್ಲಿ ಚಹಾ ಚೆಲ್ಲಿದ ಹಾಗೆ ಕಂದು ಕಲೆ ಬಂತು. ಹಂಚು ಒಡೆದಿದೆಯೇನೋ ಅಂತ ಮರಗೆಲಸದ ಆಚಾರ್ರನ್ನು ಕರೆದು ಹತ್ತಿಸಿದೆ. ಹಂಚು ಸರಿ ಇತ್ತು. ಅವರು ಕೈ ಹಾಕಿ ಗ್ಲಾಸ್ ವೂಲ್ ಎತ್ತಿದರೆ ಅಡಿಯೆಲ್ಲ ಒದ್ದೆ, ಹಿಂಡಿದರೆ ನೀರು. ಎಲ್ಲಿಂದ ಬಂತು? ಗಾಳಿಯಿಂದ! ತಣ್ಣೀರು ತುಂಬಿದ ಸ್ಟೀಲ್ ಚೊಂಬಿನ ಹೊರಮೈ ಬೆವರುವುದಿಲ್ಲವಾ, ಅದೇ. ನಮ್ಮ ಕರಾವಳಿಯ ಮೇ ತಿಂಗಳ ಗಾಳಿ 25 ಡಿಗ್ರಿಗೆ ತಣಿದರೆ ಸಾಕು, ನೀರು ಬಿಡಲು ಶುರು ಮಾಡುತ್ತದೆ. ನಾವು ಏಸಿ 20ಕ್ಕೆ ಇಟ್ಟು ಮಲಗುತ್ತಿದ್ದೆವು. ಮೇಲಿನ ಹಸಿಗಾಳಿ ಅರಳೆಯಂಥ ವೂಲ್ ದಾಟಿ ತಣ್ಣಗಿನ ಜಿಪ್ಸಮ್ಮಿಗೆ ತಾಗಿ ಅಲ್ಲೇ ಬೆವರುತ್ತಿತ್ತು. ಹಾಕಿದವರು ಪ್ಲಾಸ್ಟಿಕ್ ಹಾಳೆ ಹಾಸಿದ್ದರು, ಆದರೆ ವೂಲಿನ ಕೆಳಗೆ, ಕೋಣೆಯ ಕಡೆ. ಅದು ಹಿಮ ಬೀಳುವ ದೇಶದ ಪದ್ಧತಿ, ಅಲ್ಲಿ ಒಳಗೆ ಬೆಚ್ಚಗೆ, ಹೊರಗೆ ಚಳಿ, ಹಸಿ ಒಳಗಿನಿಂದ ಮೇಲೆ ಹೋಗುತ್ತದೆ. ನಮ್ಮಲ್ಲಿ ಉಲ್ಟಾ. ಹಾಳೆ ವೂಲಿನ ಮೇಲೆ ಬರಬೇಕಿತ್ತು. ಈಗ ಕಲೆಯಾದ ಜಿಪ್ಸಮ್ ತೆಗೆದು ಸಿಮೆಂಟ್ ಫೈಬರ್ ಬೋರ್ಡ್ ಹಾಕಿಸಿದ್ದೇನೆ, ವೂಲಿನ ಮೇಲೆ ಹಾಳೆ ಹಾಸಿ ಅಂಚಿಗೆಲ್ಲ ಟೇಪು ಒತ್ತಿದ್ದೇವೆ, ಏಸಿ 26. ಈ ವರ್ಷ ಕಲೆ ಇಲ್ಲ. ವೂಲ್ ಮುಟ್ಟಿದ ಆಚಾರ್ರ ಕೈ ಮಾತ್ರ ಎರಡು ದಿನ ತುರಿಸುತ್ತಿತ್ತಂತೆ.

ಹೆಂಡತಿಯ ತವರು ಶಿರಸಿ ಹತ್ತಿರ. ಅಲ್ಲಿ ಹಲಗೆ ಹಾಸಿ ಮೇಲೆ ಮಣ್ಣು ಮೆತ್ತಿದ ಮುಚ್ಚಿಗೆ, ಅದರ ಮೇಲೆ ಅಟ್ಟ. ಮಾವ 'ಇದೆಲ್ಲ ಎಂತಕ್ಕೆ, ಮುಚ್ಚಿಗೆ ಮಾಡ್ಸು' ಅಂದರು. ಅಲ್ಲಿ ಹಗಲು ನಿಜಕ್ಕೂ ತಂಪು. ಆದರೆ ಮಣ್ಣು ಬಿಸಿ ತಡೆಯುವುದಕ್ಕಿಂತ ಜಾಸ್ತಿ ಅದನ್ನು ಹಿಡಿದಿಟ್ಟುಕೊಂಡು ತಡವಾಗಿ ಬಿಡುತ್ತದೆ. ಘಟ್ಟದ ಮೇಲೆ ರಾತ್ರಿ ತಂಪಾಗುವುದರಿಂದ ಅದು ನಡೆಯುತ್ತದೆ, ಕುಮಟೆಯಲ್ಲಿ ರಾತ್ರಿಯೂ ಸೆಕೆ. ಮೇಲಾಗಿ ಇವತ್ತು ಅಷ್ಟು ಮರಕ್ಕೆ ದುಡ್ಡು ಯಾರು ಕೊಡುತ್ತಾರೆ?

ನಡುಮನೆಯ ಫಾಯಿಲ್ ಎರಡು ಮಳೆಗಾಲದಲ್ಲಿ ಇನ್ನೊಂದು ಉಪಕಾರ ಮಾಡಿತು. ಹಂಚಿನಿಂದ ಇಳಿದ ಸೋರು ಶೀಟಿನ ಮೇಲೇ ಜಾರಿ ಸೂರಿಗೆ ಹೋಯಿತು, ಪಾತ್ರೆ ಇಡುವ ಕೆಲಸ ತಪ್ಪಿತು. ಇದಕ್ಕೆ ಮೇಲಿನ ಹಾಳೆ ಕೆಳಗಿನದರ ಮೇಲೆ ಬರಬೇಕು, ಹಂಚಿನ ಹಾಗೇ. ಉಪ್ಪುಗಾಳಿಗೆ ಸಾದಾ ಮೊಳೆ ಒಂದೇ ವರ್ಷಕ್ಕೆ ತುಕ್ಕು ಹಿಡಿದು ಶೀಟು ಹರಿಯಿತು, ಸ್ಟೇನ್‌ಲೆಸ್ ಸ್ಟೀಲ್ ಮೊಳೆಯೇ ತನ್ನಿ. ಗಾಳಿ ಬೀಸಿದರೆ ರಾತ್ರಿ ಪಟಪಟ ಅನ್ನುತ್ತದೆ, ಅದು ಅಭ್ಯಾಸ ಆಗಿದೆ.

ಮಗನ ಕೋಣೆಯ ಥರ್ಮಾಕೋಲ್ ಕಿತ್ತು ಅಲ್ಲಿಗೂ ಫಾಯಿಲ್ ಹಾಕಿಸುವುದು ಅಂತ ಆಗಿದೆ, ಮಳೆ ಬಿಟ್ಟ ಮೇಲೆ ಆಚಾರ್ರು ಬರುತ್ತಾರೆ. ಜಗಲಿಗೂ ಅಂದರೆ ಆಯಿ ಒಪ್ಪುವುದಿಲ್ಲ. 'ಅಲ್ಲಿಗೆ ಬೇಡ ಮಾರಾಯ, ಬಂದವ್ರಿಗೆ ಮದುವೆ ಪೆಂಡಾಲು ಕಂಡಂಗೆ ಕಾಣ್ತದೆ' ಅನ್ನುತ್ತಾಳೆ.