ಹೆಡ್‌ಫೋನಿನಲ್ಲಿ ಹಾಡು ಉಂಟು, ಮೊಬೈಲಿನಲ್ಲಿ ಇಲ್ಲ: ‘48 ವೋಲ್ಟ್ ಸ್ಟುಡಿಯೋ ಸೆಟ್’ ತೆಗೆಯುವ ಮೊದಲು ಓದಿ

ಅಂಗಡಿಯ ಹೆಸರು ಹಾಕುವುದಿಲ್ಲ. ಹಾಕಿದರೆ ಅವರಿಗೆ ಪುಕ್ಕಟೆ ಜಾಹೀರಾತು, ನಮಗೆ ಜಗಳ. ಮಂಗಳೂರು, ಉಡುಪಿ ಕಡೆ ಮನೆಯಲ್ಲೇ ಭಜನೆ, ಭಾವಗೀತೆ, ಯಕ್ಷಗಾನದ ಪದ ರೆಕಾರ್ಡ್ ಮಾಡಲಿಕ್ಕೆ ಕಡಿಮೆ ದುಡ್ಡಿನ ಮೈಕ್ ಹುಡುಕುವವರಿಗೆ ಯಾರಾದರೂ ‘48 ವೋಲ್ಟ್ ಸ್ಟುಡಿಯೋ ಕಂಡೆನ್ಸರ್ ಸೆಟ್’ ಅಂತ ತೋರಿಸಿದರೆ ಪರ್ಸ್ ತೆಗೆಯುವ ಮೊದಲು ಇದನ್ನು ಓದಿ. ಕಂಡೆನ್ಸರ್ ಅಂದರೆ ಕರೆಂಟ್ ಕೊಟ್ಟರೆ ಮಾತ್ರ ಕೆಲಸ ಮಾಡುವ, ಸಣ್ಣ ಸದ್ದನ್ನೂ ಹಿಡಿಯುವ ಮೈಕ್. 4,200 ರೂಪಾಯಿ ಹೋಯಿತು. ದುಡ್ಡಿನ ಜೊತೆ ಮರ್ಯಾದೆಯೂ ಹೋಯಿತು, ಅದು ಹೆಚ್ಚು ಉರಿಯುತ್ತದೆ.

ಸೆಟ್ಟಿನಲ್ಲಿ ಇದ್ದದ್ದು ಬಿಎಂ-800 ಮಾದರಿಯ ಮೈಕ್, ಮೇಜಿಗೆ ಕಚ್ಚಿಸುವ ಸ್ಟ್ಯಾಂಡ್, ಸ್ಪಂಜಿನ ಟೊಪ್ಪಿ, ಫ್ಯಾಂಟಮ್ ಪವರ್ ಡಬ್ಬಿ (ಕೇಬಲಿನ ಮೂಲಕವೇ ಮೈಕಿಗೆ ಕರೆಂಟ್ ಕೊಡುವುದು), ಒಂದು ಎಕ್ಸ್‌ಎಲ್‌ಆರ್ ಕೇಬಲ್ (ಮೂರು ಪಿನ್ನಿನ ಮೈಕ್ ಕೇಬಲ್), ಮತ್ತೆ ಎಕ್ಸ್‌ಎಲ್‌ಆರ್‌ನಿಂದ 3.5 ಮಿ.ಮೀ. ಪಿನ್ನಿಗೆ ಹೋಗುವ ಇನ್ನೊಂದು ಕೇಬಲ್. ಈ ಕೊನೆಯ ಕೇಬಲನ್ನು ನೆನಪಿಟ್ಟುಕೊಳ್ಳಿ. ಬಿಎಂ-800 ಅಂದರೆ ಒಂದು ಕಂಪೆನಿಯ ಮಾಲು ಅಲ್ಲ. ಒಂದೊಂದು ಡಬ್ಬದ ಮೇಲೆ ಒಂದೊಂದು ಹೆಸರು. ಒಳಗೆ ಎಂತ ಕೂರಿಸಿದ್ದಾರೆ ಅಂತ ಹೊರಗಿನ ಹೆಸರು ನೋಡಿ ಹೇಳಲಿಕ್ಕೆ ಯಾರಿಂದಲೂ ಆಗುವುದಿಲ್ಲ.

ಅಂಗಡಿಯಲ್ಲಿ ಡೆಮೊ ಕೊಟ್ಟರು. ವಿ8 ಅಂತ ಬರುತ್ತದಲ್ಲ, ಬಣ್ಣದ ಲೈಟಿನ ಸೌಂಡ್ ಕಾರ್ಡ್, ಅದಕ್ಕೆ ಮೈಕ್ ಸಿಕ್ಕಿಸಿ, ಎಕೋ ಅರ್ಧಕ್ಕಿಂತ ಮೇಲೆ ತಿರುಗಿಸಿ, ಕಿವಿಗೆ ಹೆಡ್‌ಫೋನ್ ಕೊಟ್ಟರು. ಎಕೋದಲ್ಲಿ ಬಸ್ ಕಂಡಕ್ಟರನ ಕೂಗೂ ಆಲಾಪದ ಹಾಗೆ ಕೇಳುತ್ತದೆ. ಆ ಕಾರ್ಡ್ ಸೆಟ್ಟಿನಲ್ಲಿ ಇಲ್ಲ ಅನ್ನುವುದು ಬಿಲ್ ಆದ ಮೇಲೆ ಗೊತ್ತಾಯಿತು. ಇನ್ನೂ ದೊಡ್ಡ ವಿಷಯ, ಆ ಕಾರ್ಡ್ ಮೈಕನ್ನು ಮೊನೊ ಆಗಿ, ಅಂದರೆ ಎಡ ಬಲ ಇಲ್ಲದೆ ಒಂದೇ ಚಾನೆಲಿನಲ್ಲಿ ತೆಗೆದುಕೊಳ್ಳುತ್ತದೆ. ಹಾಗಾಗಿ ಕೇಬಲಿನ ದೋಷ ಅಂಗಡಿಯಲ್ಲಿ ಕಾಣಲೇ ಇಲ್ಲ.

ಮನೆಯಲ್ಲಿ ಡೆಸ್ಕ್‌ಟಾಪಿನ ಗುಲಾಬಿ ಬಣ್ಣದ ಮೈಕ್ ಜ್ಯಾಕಿಗೆ ಹಾಕಿ ರೆಕಾರ್ಡ್ ಮಾಡಿದ್ದು. ಹೆಡ್‌ಫೋನಿನಲ್ಲಿ ಸ್ವರ ಉಂಟು, ಸ್ವಲ್ಪ ಅಗಲ ಅಗಲ, ತಲೆಯ ಎರಡೂ ಬದಿಯಿಂದ ಬಂದ ಹಾಗೆ. ಕಂಡೆನ್ಸರ್ ಅಂದರೆ ಹೀಗೇ ಇರಬೇಕು ಅಂತ ಖುಷಿಪಟ್ಟು, ತಂಬೂರಿ ಟ್ರ್ಯಾಕ್ ಸೇರಿಸಿ, ಭಜನೆಯ ಗ್ರೂಪಿಗೆ ಕಳಿಸಿದ್ದಾಯಿತು. ಐದು ನಿಮಿಷದಲ್ಲಿ ಮೊದಲ ಉತ್ತರ: “ಶ್ರುತಿ ಮಾತ್ರ ಕೇಳ್ತದೆ ಮಾರಾಯ್ರೆ, ನೀವು ಹಾಡ್ಲೇ ಇಲ್ವಾ?” ಆಮೇಲೆ ಒಬ್ಬರ ಹಿಂದೆ ಒಬ್ಬರು. ಒಬ್ಬರು ಕೈಮುಗಿದ ಚಿತ್ರ ಹಾಕಿ “ಮೌನ ಭಜನೆ ಚಂದ ಉಂಟು” ಅಂತ ಬರೆದರು. ಮೊಬೈಲಿನಲ್ಲಿ ಹಾಕಿ ನೋಡಿದರೆ ಹೌದು. ತಂಬೂರಿ ಝುಂಯ್ ಅನ್ನುತ್ತಾ ಉಂಟು, ಹಾಡುವವರು ಮಾಯ. ದೂರದಲ್ಲಿ, ಬಾವಿಯೊಳಗಿಂದ ಬಂದ ಹಾಗೆ ‘ಸ’ ‘ಶ’ ಮಾತ್ರ.

ಯಾಕೆ ಹೀಗೆ? ಈ ತರಹದ ಮೂರು ಪಿನ್ನಿನ ‘ಬ್ಯಾಲೆನ್ಸ್ಡ್’ ಮೈಕಿನಲ್ಲಿ ಪಿನ್ 1 ಗ್ರೌಂಡ್. ಪಿನ್ 2ರಲ್ಲಿ ಸ್ವರ. ಪಿನ್ 3ರಲ್ಲಿ ಅದೇ ಸ್ವರ, ತಲೆಕೆಳಗು. ಮಿಕ್ಸರ್ ಆದರೆ ಎರಡರ ವ್ಯತ್ಯಾಸ ತೆಗೆಯುತ್ತದೆ, ದಾರಿಯಲ್ಲಿ ಸೇರಿದ ಗದ್ದಲ ಕಳೆದುಹೋಗಿ ಸ್ವರ ಉಳಿಯುತ್ತದೆ. ಇವರು ಕೊಟ್ಟ ಕೇಬಲಿನಲ್ಲಿ ಪಿನ್ 2 ಹೋಗುವುದು 3.5ರ ತುದಿಗೆ, ಪಿನ್ 3 ಹೋಗುವುದು ನಡುವಿನ ಉಂಗುರಕ್ಕೆ. ಕಂಪ್ಯೂಟರಿಗೆ ಅದು ಎಡ, ಇದು ಬಲ. ಎಡದಲ್ಲಿ ಅಲೆ ಏರುವಾಗ ಬಲದಲ್ಲಿ ಇಳಿಯುತ್ತದೆ. ಹೆಡ್‌ಫೋನಿನಲ್ಲಿ ಎರಡು ಕಿವಿಗೆ ಬೇರೆ ಬೇರೆ ಬೀಳುವುದರಿಂದ ಗೊತ್ತಾಗುವುದಿಲ್ಲ. ಒಂದೇ ಸ್ಪೀಕರಿನ ಮೊಬೈಲ್ ಎರಡನ್ನೂ ಕೂಡಿಸುತ್ತದೆ, ಕೂಡಿಸಿದರೆ ಹತ್ತಿರ ಹತ್ತಿರ ಸೊನ್ನೆ. ತಂಬೂರಿ ಎರಡೂ ಬದಿಯಲ್ಲಿ ಒಂದೇ ತರಹ ಇತ್ತು, ಅದು ಉಳಿಯಿತು. ಅಷ್ಟೇ ಕತೆ. ಮಲ್ಟಿಮೀಟರನ್ನು ಬೀಪ್‌ನಲ್ಲಿ ಇಟ್ಟು ಪಿನ್ 3 ಮತ್ತು ಉಂಗುರ ಮುಟ್ಟಿಸಿದರೆ ಬೀಪ್ ಬಂತು, ಅಂದರೆ ಎರಡೂ ಒಂದಕ್ಕೊಂದು ಸೇರಿವೆ. ಇಪ್ಪತ್ತು ಸೆಕೆಂಡಿನ ಕೆಲಸ.

ಈಗಾಗಲೇ ಹೀಗೆ ರೆಕಾರ್ಡ್ ಆಗಿದ್ದರೆ ಬಿಸಾಡಬೇಡಿ. ಸ್ವರವನ್ನು ತಂಬೂರಿಯ ಜೊತೆ ಬೆರೆಸುವ ಮೊದಲಿನ ಫೈಲ್ ಬೇಕು. ಆಡಾಸಿಟಿ ಅನ್ನುವ ಆಡಿಯೋ ಸಾಫ್ಟ್‌ವೇರಿನಲ್ಲಿ ಸ್ಟೀರಿಯೋ ಟ್ರ್ಯಾಕನ್ನು ಎರಡಾಗಿ ಒಡೆದು, ಬಲದ್ದಕ್ಕೆ ಮಾತ್ರ ‘ಇನ್ವರ್ಟ್’ (ಅಲೆ ತಲೆಕೆಳಗು) ಕೊಟ್ಟು, ಎರಡನ್ನೂ ಕೂಡಿಸಿ ಒಂದೇ ಮೊನೊ ಟ್ರ್ಯಾಕ್ ಮಾಡಿ. ಸ್ವರ ಪೂರ್ತಿ ವಾಪಸ್ ಬರುತ್ತದೆ.

ಇನ್ನು ಅಂಗಡಿಯವರ ಉತ್ತರ. ಮೊದಲ ಉತ್ತರ: “ಸರ್, ಅದು ಸ್ಟೀರಿಯೋ ಮೈಕ್, ಹಾಗೇ ಬರುವುದು.” ಸ್ಟೀರಿಯೋ ಮೈಕ್! ಒಳಗೆ ಸ್ವರ ಹಿಡಿಯುವ ಕ್ಯಾಪ್ಸೂಲ್ ಇರುವುದು ಒಂದೇ, ಒಂದು ಕಿವಿಯಿಂದ ಸ್ಟೀರಿಯೋ ಹೇಗೆ ಕೇಳುತ್ತದೆ ಮಾರಾಯ್ರೆ? ಎರಡನೇ ಉತ್ತರ: “ಮೊಬೈಲಿನಲ್ಲಿ ಯಾಕೆ ಕೇಳ್ತೀರಿ, ಒಳ್ಳೆ ಹೆಡ್‌ಫೋನಿನಲ್ಲಿ ಕೇಳಿ.” ಮೂರನೆಯದು: “ಡ್ರೈವರ್ ಹಾಕಿ.” 3.5 ಪಿನ್ನಿನ ಮೈಕಿಗೆ ಯಾವ ಡ್ರೈವರ್, ಸ್ಕ್ರೂ ಡ್ರೈವರಾ? ನಾಲ್ಕನೆಯದು, ಎಲ್ಲರಿಗೂ ಗೊತ್ತಿರುವ ಆ ಮಾತು: “ಇಷ್ಟು ಪೀಸ್ ಕೊಟ್ಟಿದ್ದೇವೆ, ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ.” ಪಿನ್ನಿನ ಚಿತ್ರ ಬರೆದು ಕಳಿಸಿದ ಮೇಲೆ ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಕೇಬಲ್ ಒಂದೇ ಆಗಿದ್ದರೆ ಸುಮ್ಮನಿರಬಹುದಿತ್ತು. ಫ್ಯಾಂಟಮ್ ಪವರ್ ಡಬ್ಬಿಯ ಮೇಲೆ ‘48 ವೋಲ್ಟ್’ ಅಂತ ದಪ್ಪಕ್ಷರ. ಫ್ಯಾಂಟಮ್ ಪವರ್ ಅಂದರೆ ಪಿನ್ 1 ಮತ್ತು 2ರ ನಡುವೆ, 1 ಮತ್ತು 3ರ ನಡುವೆ, ಮೈಕ್ ಹಾಕದೆ ಅಳೆದರೆ 44ರಿಂದ 52 ವೋಲ್ಟ್ ಡಿಸಿ ಕಾಣಬೇಕು. ಈ ಡಬ್ಬಿಯಲ್ಲಿ ಕಂಡದ್ದು 22. ಸ್ಟಿಕ್ಕರಿನಲ್ಲಿ ಮಾತ್ರ 48. ಜೊತೆಗೆ ಅದರ ಎರಡು ಪಿನ್ನಿನ ಅಡಾಪ್ಟರಿನಿಂದ ಸಣ್ಣ ಗುಂಯ್ ಸದ್ದು. ಮೈಕಿನ ಮೈ ಕೈಯಲ್ಲಿ ಹಿಡಿದರೆ ಕಡಿಮೆ, ಬಿಟ್ಟರೆ ಜಾಸ್ತಿ. ಅಂದರೆ ಗ್ರೌಂಡ್ ಸರಿ ಇಲ್ಲ. ಇದಕ್ಕೆ ಅವರ ವಿವರಣೆ ಏನು ಗೊತ್ತುಂಟಾ? “ಮಳೆಗಾಲ ಅಲ್ವಾ ಸರ್, ಎಲ್ಲ ಮೈಕಿಗೂ ಹೀಗೇ.”

ಇಲ್ಲೊಂದು ಮಾತು ಹೇಳಬೇಕು, ಯಾಕೆಂದರೆ ಈ ನೆಪ ಅರ್ಧ ನಿಜ. ನಮ್ಮ ಕರಾವಳಿಯ ತೇವಕ್ಕೆ ಕಂಡೆನ್ಸರ್ ಮೈಕ್ ಹಾಳಾಗುವುದು ಹೌದು. ಆದರೆ ತೇವದ ಸದ್ದು ಬೇರೆ: ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಪಟ್ ಪಟ್, ನಡುನಡುವೆ ಸ್ವರ ಇಳಿಯುವುದು. ಒಣಗಿದರೆ ಸರಿಯಾಗುತ್ತದೆ. ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಟ್ಟರೆ ಬರುವುದೇ ಇಲ್ಲ. ಒಂದೇ ಸಮನೆ ಗುಂಯ್ ಅನ್ನುವುದು ಮಳೆಯದ್ದಲ್ಲ, ಕರೆಂಟಿನದ್ದು.

ಕೊನೆಗೆ ಮೈಕನ್ನೇ ಬಿಚ್ಚಿದ್ದು. ಕೆಳಗಿನ ಉಂಗುರ ತಿರುಗಿಸಿದರೆ ಕೊಳವೆ ಜಾರಿ ಬರುತ್ತದೆ, ಸ್ಕ್ರೂ ಕೂಡ ಬೇಡ. ಡಬ್ಬದ ಮೇಲೆ ‘34 ಮಿ.ಮೀ. ಲಾರ್ಜ್ ಡಯಾಫ್ರಾಮ್’, ಅಂದರೆ ಸ್ವರಕ್ಕೆ ಅದುರುವ ತೆಳು ಹಾಳೆ ದೊಡ್ಡದು ಅಂತ. ಜಾಲರಿಯ ಒಳಗೆ, ದೊಡ್ಡದೊಂದು ಪ್ಲಾಸ್ಟಿಕ್ ಬಳೆಯ ನಡುವೆ, ಅಂಗಿಯ ಗುಂಡಿಯಷ್ಟಿನ ಎಲೆಕ್ಟ್ರೆಟ್ ಕ್ಯಾಪ್ಸೂಲ್, ಅಳೆದರೆ 14 ಮಿ.ಮೀ. ಬಳೆಯನ್ನು ಯಾಕೆ ಇಟ್ಟಿದ್ದಾರೆ? ಹೊರಗಿನಿಂದ ನೋಡುವಾಗ ದೊಡ್ಡದು ಕಾಣಲಿ ಅಂತ. ಆ ಬಳೆ ನೋಡಿದಾಗ ಬಂದ ಸಿಟ್ಟು ಕೇಬಲ್ ನೋಡಿದಾಗಲೂ ಬಂದಿರಲಿಲ್ಲ. ಕೇಬಲ್ ಅಜ್ಞಾನ ಇರಬಹುದು, ಬಳೆ ಅಜ್ಞಾನ ಅಲ್ಲ. ಸಣ್ಣ ಕ್ಯಾಪ್ಸೂಲ್ ಅಂದ ಮಾತ್ರಕ್ಕೆ ಕೆಟ್ಟದು ಅಂತ ಹೇಳುತ್ತಾ ಇಲ್ಲ. ಆಡಿಯೋ-ಟೆಕ್ನಿಕಾದ ಎಟಿ2020ರದ್ದು 16 ಮಿ.ಮೀ. ಮಾತ್ರ, ಎಷ್ಟೋ ಮನೆಗಳಲ್ಲಿ ಅದರಲ್ಲೇ ಒಳ್ಳೆಯ ಕೆಲಸ ನಡೆಯುತ್ತಾ ಉಂಟು. ಅವರು ಅದನ್ನು 34 ಅಂತ ಹೇಳುವುದಿಲ್ಲ, ಅಷ್ಟೇ ವ್ಯತ್ಯಾಸ.

ಬಿಚ್ಚಿದ ಫೋಟೋ ಕಳಿಸಿದ ಕೂಡಲೇ, ಎರಡು ದಿನ ಸತ್ತಿದ್ದ ನಂಬರಿಗೆ ಜೀವ ಬಂತು: “ಓಪನ್ ಮಾಡಿದ್ರಲ್ಲ ಸರ್, ಇನ್ನು ವಾರಂಟಿ ಇಲ್ಲ.”

ನೀವು ಅಂಗಡಿಗೆ ಹೋಗುವುದಾದರೆ ಬಿಚ್ಚಬೇಡಿ, ಮೊಬೈಲಿನ ಟಾರ್ಚನ್ನು ಜಾಲರಿಗೆ ಹಿಡಿಯಿರಿ. ದೊಡ್ಡ ಡಯಾಫ್ರಾಮ್ ಇದ್ದರೆ ತೆಳು ಹಾಳೆಯ ದೊಡ್ಡ ತಟ್ಟೆ ಕಾಣುತ್ತದೆ, ಇಲ್ಲದಿದ್ದರೆ ಬಳೆ ಮತ್ತು ಗುಂಡಿ. ಎಕೋ ಪೂರ್ತಿ ಬಂದ್ ಮಾಡಿಸಿ, ಸೆಟ್ಟಿನದ್ದೇ ಕೇಬಲಿನಲ್ಲಿ, ನಿಮ್ಮದೇ ಕಂಪ್ಯೂಟರಿನಲ್ಲಿ ಅರ್ಧ ನಿಮಿಷ ರೆಕಾರ್ಡ್ ಮಾಡಿ, ಒಂದೇ ಸ್ಪೀಕರಿನ ಮೊಬೈಲಿನಲ್ಲಿ ಕೇಳಿ. ಮೈಕಿನ ಬೆನ್ನಿಗೆ ಮಾತಾಡಿ. ಕಾರ್ಡಿಯಾಯ್ಡ್ ಅಂತ ಬರೆದಿದ್ದರೆ ಹಿಂದಿನಿಂದ ಸ್ವರ ಚೆನ್ನಾಗಿ ಇಳಿಯಬೇಕು. ಇದಕ್ಕೆಲ್ಲ ಅಂಗಡಿಯವರು ಬಿಡುವುದಿಲ್ಲ ಅಂದರೆ ಹೊರಗೆ ಬನ್ನಿ.

ಇನ್ನು ಎಂತ ತೆಗೆಯುವುದು ಅಂತ ಕೇಳಿದರೆ, ಫ್ಯಾನ್ ನಿಲ್ಲಿಸಲಿಕ್ಕಾಗದ, ಶೀಟ್ ಮಾಡಿನ ಮೇಲೆ ಮಳೆ ಬಡಿಯುವ ಮನೆಗೆ ಕಂಡೆನ್ಸರೇ ಬೇಡ. ಕರೆಂಟ್ ಬೇಡದ, ಹತ್ತಿರದ ಸ್ವರವನ್ನೇ ಹೆಚ್ಚು ಹಿಡಿಯುವ ಡೈನಾಮಿಕ್ ಮೈಕ್ ಸಾಕು. ಬೆಹ್ರಿಂಗರ್ ಎಕ್ಸ್‌ಎಂ8500 ತರಹದ್ದು, ಬಾಯಿಂದ ಎರಡು ಮೂರು ಇಂಚು ದೂರದಲ್ಲಿ, ಸ್ವಲ್ಪ ಓರೆ ಮಾಡಿ. ಆದರೆ ಅದನ್ನು 3.5 ಪಿನ್ನಿಗೆ ಸಿಕ್ಕಿಸಿ ಸ್ವರ ಇಲ್ಲ ಅನ್ನಬೇಡಿ, ಮೈಕಿನ ಸ್ವರ ಹೆಚ್ಚಿಸಿ ಕಂಪ್ಯೂಟರಿಗೆ ಕೊಡುವ ಯುಎಸ್‌ಬಿ ಆಡಿಯೋ ಇಂಟರ್ಫೇಸ್ ಬೇಕೇ ಬೇಕು. ಲೆಕ್ಕ ನೋಡಿ: ಅದೇ ಜೋರಿನ ಸ್ವರಕ್ಕೆ ಎಟಿ2020 ಸುಮಾರು 14 ಮಿಲಿವೋಲ್ಟ್ ಕೊಟ್ಟರೆ, ಡೈನಾಮಿಕ್ ಆದ ಶೂರ್ ಎಸ್‌ಎಂ58 ಕೊಡುವುದು 1.85. ಏಳರಲ್ಲಿ ಒಂದು ಪಾಲೂ ಇಲ್ಲ. ಆ ಕೊರತೆಯನ್ನು ಇಂಟರ್ಫೇಸಿನ ಗೇನ್ ತುಂಬಿಸಬೇಕು. ಎಸ್‌ಎಂ58 ಅರ್ಧ ಬೆಲೆಗೆ ಸಿಕ್ಕಿತು ಅಂತ ಹಿಗ್ಗುವವರು ತಕ್ಕಡಿಯಲ್ಲಿ ಇಟ್ಟು ನೋಡಿ, ಅಸಲಿ 298 ಗ್ರಾಂ. ನಕಲಿ ಧಾರಾಳ ಓಡಾಡುತ್ತದೆ.

ಬಿಲ್ಲಿನ ವಿಷಯ ಬಿಟ್ಟುಹೋಯಿತು. ಕೊಟ್ಟದ್ದು ‘ಎಸ್ಟಿಮೇಟ್’ ಅಂತ ಅಚ್ಚು ಹಾಕಿದ ಚೀಟಿ, ಅದರಲ್ಲಿ ‘ಮೈಕ್ ಸೆಟ್ 1’ ಅಂತ ಬಾಲ್‌ಪೆನ್ನಿನಲ್ಲಿ ಗೀಚಿದ್ದು. ಜಿಎಸ್‌ಟಿ ನಂಬರ್ ಇಲ್ಲ, ಮಾಡೆಲ್ ಇಲ್ಲ, ವಾರಂಟಿ ಕಾರ್ಡಿಗೆ ಸೀಲ್ ಇಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುವಾಗ ಕೈಯಲ್ಲಿ ಉಳಿದ ಗಟ್ಟಿ ದಾಖಲೆ ಅಂದರೆ ಯುಪಿಐ ಪಾವತಿ ಮತ್ತು ಆ ವಾಟ್ಸಾಪ್ ಉತ್ತರಗಳು. ನಗದು ಕೊಟ್ಟಿದ್ದರೆ ಅದೂ ಇರುತ್ತಿರಲಿಲ್ಲ.

ನಿನ್ನೆ ಸಂಜೆ ಅವರಿಂದ ಮತ್ತೆ ಮೆಸೇಜ್. ದುಡ್ಡು ವಾಪಸ್ ಮಾಡುತ್ತಾರೋ ಅಂತ ತೆರೆದು ನೋಡಿದರೆ: “ಸರ್, ಹೊಸ ಸ್ಟಾಕ್ ಬಂದಿದೆ. ನಿಮ್ಮದು ಕೊಟ್ಟು 800 ಹಾಕಿದರೆ ಎಕ್ಸ್‌ಚೇಂಜ್ ಮಾಡಿ ಕೊಡುವ.” ಕೆಳಗೆ ಫೋಟೋ. ಅದೇ ಮೈಕ್, ಅದೇ ಕೇಬಲ್, ಬಣ್ಣ ಮಾತ್ರ ಬಂಗಾರ.