ಬದನೆ ಮಡಿಗೆ ಯಾವ ಹೊದಿಕೆ? ನಾಲ್ಕನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ ಬೇಸಿಗೆ

ನೆಲವನ್ನು ಬರಿದಾಗಿ ಬಿಡಬಾರದು ಅನ್ನುವುದರಲ್ಲಿ ನನಗೆ ಅನುಮಾನ ಇರಲಿಲ್ಲ. ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರ್ ಅವರ ಶಿಬಿರಗಳಿಗೆ ಹೋಗಿಬಂದವರು ಸಗಣಿ, ಗಂಜಲ ಕಲಸಿ ಮಾಡುವ ಜೀವಾಮೃತದ ಜೊತೆಗೆ ಆಚ್ಛಾದನೆಯ, ಅಂದರೆ ನೆಲಕ್ಕೆ ಹೊದಿಕೆ ಹಾಕುವ, ಮಾತನ್ನೂ ಊರಿಗೆ ತಂದಿದ್ದರು. ಆದರೆ ಏನನ್ನು ಹೊದಿಸುವುದು ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ನಮ್ಮದು ತಿಪಟೂರು ಸೀಮೆಯ ಕೆಂಪು ಮಣ್ಣು. ಏಪ್ರಿಲ್ ಹೊತ್ತಿಗೆ ಬರಿಗಾಲಲ್ಲಿ ನಿಲ್ಲಲಾಗದಷ್ಟು ಕಾಯುತ್ತದೆ, ಬೋರಿನ ನೀರೂ ಸಣ್ಣಗಾಗುತ್ತದೆ. ಹಾಗಾಗಿ ಹೋದ ಬೇಸಿಗೆಯಲ್ಲಿ ಬದನೆಗೆ ಅಕ್ಕಪಕ್ಕದಲ್ಲೇ ಐದು ಮಡಿ ಮಾಡಿದೆ. ಸಸಿ ಒಂದೇ, ನಾಟಿಯ ದಿನ ಒಂದೇ, ಕೊಟ್ಟಿಗೆ ಗೊಬ್ಬರವೂ ಮಂಕರಿ ಲೆಕ್ಕದಲ್ಲಿ ಸಮ. ಹನಿ ಪೈಪಿಗೆ ಮಡಿಗೊಂದು ಟ್ಯಾಪು. ಒಂದು ಮಡಿಯನ್ನು ಬರಿದೇ ಬಿಟ್ಟೆ. ಉಳಿದ ನಾಲ್ಕಕ್ಕೆ ರಾಗಿ ಹುಲ್ಲು, ತೆಂಗಿನ ನಾರಿನ ಪುಡಿ, ಗ್ಲಿರಿಸಿಡಿಯಾ ಸೊಪ್ಪು ಮತ್ತು ಕೊಚ್ಚಿದ ತೆಂಗಿನ ಗರಿ.

ಅಳೆಯಲು ಯಾವ ಯಂತ್ರವೂ ಇರಲಿಲ್ಲ. ಬೆಳಿಗ್ಗೆ ಹೊದಿಕೆ ಸರಿಸಿ, ನಾಲ್ಕು ಬೆರಳಾಳ ಕೆದಕಿ, ಒಂದು ಹಿಡಿ ಮಣ್ಣು ಅದುಮುವುದು. ಉಂಡೆ ಕಟ್ಟಿದರೆ ಆ ಮಡಿಗೆ ಅಂದು ನೀರಿಲ್ಲ, ಉದುರಿದರೆ ಟ್ಯಾಪು ತಿರುಗಿಸುವುದು. ಏಪ್ರಿಲ್‌ನಲ್ಲಿ ಬರಿ ಮಡಿ ದಿನ ಬಿಟ್ಟು ದಿನ ನೀರು ಕೇಳಿತು. ಗರಿಯ ಮಡಿ ಮೂರನೇ ದಿನಕ್ಕೆ, ಹುಲ್ಲಿನದು ನಾಲ್ಕಕ್ಕೆ. ನಾರಿನ ಪುಡಿಯ ಮಡಿ ಆರನೇ ದಿನವೂ ಉಂಡೆ ಕಟ್ಟಿತು. ಸೊಪ್ಪಿನ ಮಡಿಯ ಕಥೆ ಬೇರೆ, ಆಮೇಲೆ ಹೇಳುತ್ತೇನೆ.

ಇಷ್ಟನ್ನೇ ನೋಡಿದ್ದರೆ ನಾರಿನ ಪುಡಿಯೇ ಗೆದ್ದಿತು ಎಂದು ಬರೆದುಬಿಡುತ್ತಿದ್ದೆ. ತನ್ನ ತೂಕದ ಐದು ಪಟ್ಟಿಗೂ ಹೆಚ್ಚು ನೀರು ಹಿಡಿಯುವ ವಸ್ತು ಅದು. ನಮ್ಮ ಕಡೆ ನಾರಿನ ಮಿಲ್ಲುಗಳ ಪಕ್ಕದಲ್ಲಿ ಗುಡ್ಡೆ ಗುಡ್ಡೆ ಬಿದ್ದಿರುತ್ತದೆ, ಟ್ರ್ಯಾಕ್ಟರ್ ಬಾಡಿಗೆ ಕೊಟ್ಟರೆ ಸಾಕು. ಆದರೆ ನಾಟಿಯಾಗಿ ತಿಂಗಳು ಕಳೆಯುವುದರೊಳಗೆ ಆ ಮಡಿಯ ಗಿಡಗಳ ಕೆಳಗಿನ ಎಲೆಗಳು ಹಳದಿಗೆ ತಿರುಗಿದವು. ಬುಡದಲ್ಲಿ ಹಸಿ ಇದೆ, ಗಿಡ ಮಾತ್ರ ಮೇಲೇಳುತ್ತಿಲ್ಲ. ತಪ್ಪು ನನ್ನದೇ. ಕಳೆ ತೆಗೆಯುವಾಗ ಹಸಿ ಪುಡಿಯನ್ನು ಕಳೆಗುದ್ದಲಿಯಲ್ಲಿ ಮಣ್ಣಿಗೆ ಬೆರೆಸಿಬಿಟ್ಟಿದ್ದೆ. ಕೊಳೆಸದ ನಾರಿನ ಪುಡಿಯಲ್ಲಿ ಒಂದು ಪಾಲು ಸಾರಜನಕಕ್ಕೆ 100 ಪಾಲಿಗೂ ಮೀರಿ ಇಂಗಾಲ ಇರುತ್ತದೆ. ಅದನ್ನು ಅರಗಿಸಿಕೊಳ್ಳಲು ಮಣ್ಣಿನ ಸೂಕ್ಷ್ಮಜೀವಿಗಳಿಗೆ ಸಾರಜನಕ ಬೇಕು. ಪುಡಿಯಲ್ಲಿ ಸಿಗದಿದ್ದರೆ ಮಣ್ಣಿನಿಂದಲೇ ಎಳೆಯುತ್ತವೆ, ಗಿಡ ಉಪವಾಸ ಬೀಳುತ್ತದೆ. ಮೇಲೆ ಹೊದಿಕೆಯಾಗಿ ಮಾತ್ರ ಬಿಟ್ಟಿದ್ದರೆ ಈ ಕಾಟ ಇಷ್ಟಿರುತ್ತಿರಲಿಲ್ಲ. ಹತ್ತು ಪಾಲು ನೀರು ಬೆರೆಸಿದ ಗಂಜಲವನ್ನು ವಾರಕ್ಕೊಮ್ಮೆ ಬುಡಕ್ಕೆ ಹಾಕಿದ ಮೇಲೆ ಗಿಡ ಚೇತರಿಸಿಕೊಂಡವು, ಆದರೆ ಮೊದಲ ಕೊಯ್ಲುಗಳು ಕೈತಪ್ಪಿ ಹೋದವು. ಇನ್ನೊಂದು ತೊಂದರೆಯೂ ಇದೆ. ಮೇ ಮೊದಲಲ್ಲಿ ಬಂದ ನಾಲ್ಕು ಹನಿ ಮಳೆಯನ್ನು ಪುಡಿಯೇ ಕುಡಿದುಬಿಟ್ಟಿತು, ಕೆಳಗಿನ ಮಣ್ಣಿಗೆ ಏನೂ ಇಳಿಯಲಿಲ್ಲ. ಉಳಿದ ಗುಡ್ಡೆಯನ್ನು ಸಗಣಿ ರಾಡಿ ಹಾಕಿ ಕೊಳೆಯಲು ಬಿಟ್ಟಿದ್ದೇನೆ. ಚಿಪ್ಪಣಬೆಯ ಬೀಜ ಹಾಕಿ ಕೊಳೆಸುವ ಪದ್ಧತಿಯೂ ಉಂಟು. ಚೆನ್ನಾಗಿ ಕೊಳೆತು ಕಪ್ಪಾದರೆ ಇಂಗಾಲದ ಆ ಪಾಲು ಮೊದಲಿದ್ದುದರ ಕಾಲುಭಾಗದ ಹತ್ತಿರಕ್ಕೆ ಇಳಿಯುತ್ತದೆ. ಆಗ ಅದು ಬೇರೆಯೇ ವಸ್ತು.

ರಾಗಿ ಹುಲ್ಲು ಕೆಲಸದಲ್ಲಿ ಅಚ್ಚುಕಟ್ಟು. ಹರಡುವುದು ಸುಲಭ, ಕಳೆ ಕಡಿಮೆ, ನೆಲ ತಣ್ಣಗೆ. ಗೆದ್ದಲು ಬಂತು, ನಿಜ. ಆದರೆ ಒಣ ಹುಲ್ಲು ಸಿಗುತ್ತಿರುವವರೆಗೆ ಹಸಿ ಗಿಡವನ್ನು ಮುಟ್ಟಲಿಲ್ಲ. ಕಾಂಡಕ್ಕೆ ತಾಗುವಂತೆ ಹೊದಿಸಿದ್ದ ಎರಡು ಗಿಡ ಬುಡ ಕೊಳೆತು ಸತ್ತವು. ಸುತ್ತ ಮೂರು ಬೆರಳು ಜಾಗ ಬಿಡಲೇಬೇಕು. ಕಣದಲ್ಲಿ ಉದುರದೆ ಉಳಿದ ಕಾಳು ಮೊಳೆತು ಬದನೆಯ ನಡುವೆ ರಾಗಿ ಪೈರು ಎದ್ದಿತು, ಕಿತ್ತು ಹಾಕಿದೆ. ಇವೆಲ್ಲ ಸಣ್ಣವು. ನನಗೆ ತಡೆಯಲಾಗದ್ದು ಬೇರೆ. ಬಣವೆಯಿಂದ ಹೊರೆ ಇಳಿಸಿ ಕೊಟ್ಟಿಗೆಯ ಮುಂದೆಯೇ ಹೊತ್ತು ಹೋಗುವಾಗ ಹಸು ಕತ್ತು ಚಾಚಿ ನೋಡುತ್ತದೆ. ಬಯಲುಸೀಮೆಯಲ್ಲಿ ರಾಗಿ ಹುಲ್ಲು ಅಂದರೆ ಬೇಸಿಗೆಯ ಮೇವು. ಅದನ್ನು ಬದನೆ ಬುಡಕ್ಕೆ ಸುರಿದು, ಮೇ ತಿಂಗಳಲ್ಲಿ ಮೇವು ಕೊಳ್ಳುವುದು ಯಾವ ಲೆಕ್ಕಕ್ಕೂ ಕೂಡಿಬರುವುದಿಲ್ಲ. ಮಳೆಗೆ ನೆನೆದು ಬೂಷ್ಟು ಹಿಡಿದ, ದನ ಮೂಸದ ತಳದ ಹುಲ್ಲಿದ್ದರೆ ಧಾರಾಳವಾಗಿ ಹಾಕಿ. ಒಳ್ಳೆಯ ಹುಲ್ಲು ಹಸುವಿನದು.

ಗರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಚ್ಚಿನಿಂದ ಕೊಚ್ಚಿ ಕೊಚ್ಚಿ ಭುಜ ಬಿದ್ದುಹೋಯಿತು. ಸಂದುಗಳಲ್ಲಿ ಹಸಿ ಆರುತ್ತದೆ, ಜೇಕು ಕಳೆ ನುಗ್ಗಿ ಬರುತ್ತದೆ. ಆದರೆ ಆರು ತಿಂಗಳಾದರೂ ಕರಗುವುದಿಲ್ಲ, ಕಾಸು ಕೊಡಬೇಕಿಲ್ಲ.

ಇನ್ನು ಸೊಪ್ಪು. ಗ್ಲಿರಿಸಿಡಿಯಾಕ್ಕೆ ನಮ್ಮಲ್ಲಿ ಗೊಬ್ಬರದ ಗಿಡ ಎಂದೇ ಹೆಸರು, ಬದುವಿನ ಮೇಲೆ ಸಾಲಾಗಿ ಇದೆ. ಮೊಣಕಾಲೆತ್ತರಕ್ಕೆ ಹಾಕಿದ ಸೊಪ್ಪು ಮೂರು ದಿನಕ್ಕೆ ಬಾಡಿ ಚಾಪೆಯಷ್ಟಾಯಿತು. ಮೊದಲ ಎರಡು ವಾರ ಹುಲ್ಲಿನ ಮಡಿಯಷ್ಟೇ ಹಸಿ ಉಳಿಯಿತು. ಮೂರನೇ ವಾರ ಎಲೆ ಕಪ್ಪಾಗಿ ಪುಡಿಯಾಯಿತು, ಕಡ್ಡಿ ಮಾತ್ರ ಉಳಿಯಿತು, ಮಡಿ ಮತ್ತೆ ಬರಿ ನೆಲದಂತೆ ನೀರು ಕೇಳತೊಡಗಿತು. ಹಸಿ ಕಾಯುವ ಲೆಕ್ಕದಲ್ಲಿ ಸೋತಿತು ಅಂದುಕೊಂಡೆ. ಆದರೆ ಗಿಡ ನೋಡಬೇಕಿತ್ತು! ಎಲೆ ಕಡು ಹಸಿರು, ಉಳಿದ ಮಡಿಗಳಿಗಿಂತ ವಾರ ಮೊದಲೇ ಹೂವು. ಒಣ ಲೆಕ್ಕದಲ್ಲಿ ಆ ಎಲೆಯಲ್ಲಿ ಶೇ. 3ರ ಆಸುಪಾಸು ಸಾರಜನಕ ಇರುತ್ತದೆ. ಕರಗಿದ್ದು ಹಾಳಾಗಲಿಲ್ಲ, ಬೇರಿಗೆ ಹೋಯಿತು. ಮೇ ಕೊನೆಯವರೆಗಿನ ಕೊಯ್ಲಿನಲ್ಲಿ ಬರಿ ಮಡಿ ಮೂರು ಮಂಕರಿ ಕೊಟ್ಟರೆ ಸೊಪ್ಪಿನದು ಐದು ತುಂಬಿತು. ಹುಲ್ಲಿನದು ನಾಲ್ಕೂವರೆ, ಗರಿಯದು ಮೂರೂವರೆ. ಎಲ್ಲಕ್ಕಿಂತ ಹೆಚ್ಚು ಹಸಿ ಇಟ್ಟುಕೊಂಡಿದ್ದ ನಾರಿನ ಪುಡಿಯ ಮಡಿ ಬರಿ ಮಡಿಯನ್ನೂ ಮುಟ್ಟಲಿಲ್ಲ.

ಏಪ್ರಿಲ್ ನಡುವೆ ಸೊಪ್ಪಿನ ಮಡಿಗೆ ಎರಡನೇ ಸಲ ಸೊಪ್ಪು ಹಾಕುವಾಗ ಅರ್ಧ ಮಡಿಗೆ ಮೇಲೆ ಗರಿಯನ್ನೂ ಹೊದಿಸಿದೆ. ಆ ಅರ್ಧ ಐದನೇ ದಿನದವರೆಗೆ ತಡೆಯಿತು. ಗರಿಯ ನೆರಳಲ್ಲಿ ಸೊಪ್ಪು ಒಣಗಿ ಹಾರಿಹೋಗದೆ ಹಸಿಯಾಗಿಯೇ ಕೊಳೆಯಿತು. ಜೂನ್ ಮಳೆಯ ನಂತರ ಗರಿ ಎತ್ತಿದರೆ ಎರೆಹುಳುವಿನ ಹಿಕ್ಕೆ ರಾಶಿ. ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ: ಮೊದಲು ಕಳೆ ತೆಗೆದು ನೆಲವನ್ನು ಚೆನ್ನಾಗಿ ನೆನೆಸಿ, ಕೆಳಗೆ ಹಸಿ ಸೊಪ್ಪು, ಮೇಲೆ ಗರಿ. ಒಣ ನೆಲದ ಮೇಲೆ ಏನನ್ನು ಹೊದಿಸಿದರೂ ಉಳಿಯುವುದು ಒಣಗಲೇ.

ಪ್ಲಾಸ್ಟಿಕ್ ಹಾಳೆಯನ್ನು ನಾನು ಹಾಕಿ ನೋಡಿಲ್ಲ, ಹಾಗಾಗಿ ಹೋಲಿಸುವುದಿಲ್ಲ. ಪಕ್ಕದ ಹೊಲದಲ್ಲಿ ಉಳುವಾಗ ಮೇಲೆ ಬರುವ ಅದರ ಚೂರುಗಳನ್ನು ನೋಡಿದ ಮೇಲೆ ಮನಸ್ಸೂ ಬಂದಿಲ್ಲ.

ಉತ್ತರ ಕನ್ನಡದ ಅಡಿಕೆ ತೋಟದವರಿಗೆ ಸೊಪ್ಪಿನ ಬೆಟ್ಟ ಇದೆ, ತೋಟಕ್ಕೆ ಬೇಕಾದ ಸೊಪ್ಪು ತರಲು ಹಿರಿಯರ ಕಾಲದಿಂದ ಬಂದ ಹಕ್ಕು. ನಮಗೆ ಬೆಟ್ಟವಿಲ್ಲ, ಇರುವುದು ಬದು. ಹೋದ ಸಲ ಎರಡು ಮಡಿಗೆ ಸಾಕಾಗುವಷ್ಟೂ ಸೊಪ್ಪು ಸಿಗಲಿಲ್ಲ. ಹಾಗಾಗಿ ಮುಂಗಾರಿನ ಮೊದಲ ಹದಕ್ಕೆ ಪೂರ್ವದ ಬದುವಿನುದ್ದಕ್ಕೂ ಇನ್ನೂ 60 ಕಡ್ಡಿ ಊರಿದ್ದೇನೆ. ಐವತ್ತು ಚಿಗುರಿವೆ.